ಒಂದು ಮೊಳದ ಬೆಲೆ

ನಮ್ಮೂರಿನಲ್ಲಿ ಯಾರ ಮನೆಯ ಚಾವಣಿಗೂ ಫ್ಯಾನು ಹಾಕುವುದಿಲ್ಲ. ಹಾಡು ಕೇಳುತ್ತಾ ಗಾಳಿಯಲ್ಲಿ ಮೇಲೇಳುವ ಜನ ತಲೆ ಕೊಯ್ದುಕೊಂಡಾರು ಎಂದು ಎಲ್ಲರೂ ಗೋಡೆಗೇ ಹಾಕಿಸುತ್ತಾರೆ. ಕ್ಷೌರದಂಗಡಿಯಲ್ಲಿ ರೇಡಿಯೋ ಇಡುವ ಹಾಗಿಲ್ಲ. ಮದುವೆಮನೆಯಲ್ಲಿ ವಾಲಗ ಶುರುವಾಗುವ ಮೊದಲು ಹೆಂಗಸರ ಸೀರೆಗೆಲ್ಲ ಪಿನ್ನು ಬಿದ್ದಿದೆಯೇ ಎಂದು ನೋಡಿಕೊಳ್ಳಲು ಒಬ್ಬರನ್ನು ನೇಮಿಸಿರುತ್ತಾರೆ. ಇನ್ನು ತಲೆಯ ಮೇಲೆ ಸೂರಿಲ್ಲದ ಬಯಲಿನಲ್ಲಿ ಹಾಡು ಹಾಕುವುದು ಮರ್ಯಾದಸ್ತರು ಬಾಯಲ್ಲಿ ಆಡುವ ಮಾತೇ ಅಲ್ಲ.

ಇಂಥ ಊರಿನಲ್ಲಿ ಹುಟ್ಟಿ ಒಂದು ಬೆರಳಿನಷ್ಟೂ ಮೇಲೇಳದ ಒಬ್ಬನೇ ಒಬ್ಬ ಮನುಷ್ಯ ನಾನು, ಷಡಕ್ಷರಯ್ಯ. ಪೇಟೆ ಬೀದಿಯಲ್ಲಿ ಬೇಳೆಕಾಳಿನ ಅಂಗಡಿ ಇಟ್ಟಿದ್ದೇನೆ. ನನಗೆ ಕಿವಿ ಚೆನ್ನಾಗಿಯೇ ಕೇಳಿಸುತ್ತದೆ. ತೊಗರಿ ಚೀಲವನ್ನು ಅಲುಗಾಡಿಸಿದರೆ ಅದರಲ್ಲಿ ಕಲ್ಲಿದೆಯೋ ಇಲ್ಲವೋ ಹೇಳಬಲ್ಲೆ. ಆದರೆ ಎಂಥ ಹಾಡು ಹಾಕಿದರೂ ನಾನು ನೆಲಕ್ಕೆ ಅಂಟಿಕೊಂಡೇ ಇರುತ್ತೇನೆ. ಚಿಕ್ಕವನಿದ್ದಾಗ ಓರಗೆಯ ಹುಡುಗರು ಹಾಡು ಜೋರಾದಾಗಲೆಲ್ಲ ತಾವು ಮೇಲೆ ಹೋಗದಿರಲೆಂದು ನನ್ನ ಕಾಲು ಹಿಡಿದುಕೊಳ್ಳುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಇದನ್ನು ಹೀಗೇ ನುಂಗಿಕೊಂಡು ಇದ್ದುಬಿಡಬಹುದಿತ್ತು, ಅರವತ್ತು ಹತ್ತಿರ ಬರದಿದ್ದರೆ. ನಮ್ಮಲ್ಲಿ ಎಲ್ಲರ ಮನೆಯ ಚಾವಣಿಗೂ ಸುಣ್ಣ ಹೊಡೆದಿರುತ್ತಾರೆ. ಅರವತ್ತು ತುಂಬುವುದರೊಳಗೆ ಮನೆಯ ಯಜಮಾನ ತಲೆಗೆ ಎಣ್ಣೆ, ಕಾಡಿಗೆ ಬಳಿದುಕೊಂಡು, ಇಷ್ಟವಾದ ಹಾಡು ಹಾಕಿಸಿಕೊಂಡು ಮೇಲೆದ್ದು, ಆ ಸುಣ್ಣದ ಮೇಲೆ ತಲೆಗುರುತು ಒತ್ತಬೇಕು. ನಮ್ಮ ನಡುಮನೆಯಲ್ಲಿ ತಾತನ ಗುರುತಿದೆ, ಅಪ್ಪನ ಗುರುತಿದೆ. ಅಪ್ಪನದಕ್ಕೆ ಅವರ ಜುಟ್ಟಿನ ಗೀಟೂ ಸೇರಿಕೊಂಡಿದೆ. ಅದರ ಪಕ್ಕದ ಜಾಗ ಬೆಳ್ಳಗೆ ನನ್ನನ್ನೇ ನೋಡುತ್ತಿರುತ್ತದೆ. ಗುರುತು ಒತ್ತದವನನ್ನು ಅರವತ್ತರ ಊಟದ ದಿನ ಮಡಿಲಲ್ಲಿ ಗುಂಡುಕಲ್ಲು ಇಟ್ಟು ಪಂಕ್ತಿಯ ಮೊದಲ ಎಲೆಗೆ ಕೂರಿಸುತ್ತಾರೆ. ನಮ್ಮ ಬಳಗದ ಗುಂಡುಕಲ್ಲು ಇರುವುದು ನನ್ನ ಸೋದರತ್ತೆ ಹಾಲಮ್ಮನವರ ಮನೆಯಲ್ಲಿ. ಅವರು ಎರಡು ತಿಂಗಳು ಮೊದಲೇ, ಕಲ್ಲನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಇಟ್ಟಿದ್ದೇನೆ ಎಂದು ಹೇಳಿ ಕಳುಹಿಸಿದರು. ಆ ಕಲ್ಲನ್ನು ಮಡಿಲಲ್ಲಿಟ್ಟುಕೊಂಡು ನೆಂಟರ ಎದುರು ಅನ್ನ ಕಲಸುವುದನ್ನು ನೆನೆದರೆ ನನಗೆ ಊಟವೇ ಸೇರುತ್ತಿರಲಿಲ್ಲ.

ಅದಕ್ಕೇ ಧರಣೇಂದ್ರನ ಅಂಗಡಿಗೆ ಹೋದದ್ದು. ಧರಣೇಂದ್ರ ಊರಿನ ದೊಡ್ಡ ಹಾಡಿನ ಸೆಟ್ಟುಗಳ ವ್ಯಾಪಾರಿ. ಅವನ ಅಂಗಡಿಯಲ್ಲಿ ಯಾವಾಗಲೂ ಏನಾದರೂ ಹಾಡುತ್ತಲೇ ಇರುವುದರಿಂದ ಅವನು ಗಿರಾಕಿಗಳ ಜೊತೆ ಮಾತಾಡುವುದೆಲ್ಲ ಮೇಲಿನಿಂದಲೇ. ಬೆಲೆ ಹೇಳುವಾಗ ಮಾತ್ರ ಹಾಡು ನಿಲ್ಲಿಸಿ ಕೆಳಗಿಳಿಯುತ್ತಾನೆ.

"ತಪ್ಪು ನಿಮ್ಮ ಕಿವೀದಲ್ಲ, ಷಡಕ್ಷರಯ್ಯನೋರೇ," ಎಂದ. "ಇಷ್ಟು ವರ್ಷ ನೀವು ಕೇಳಿರೋದು ಬರೀ ಹೊಟ್ಟು. ಕಾಳು ಇಲ್ಲಿದೆ ನೋಡಿ."

ನನ್ನ ವ್ಯಾಪಾರದ ಮಾತಿನಲ್ಲೇ ನನ್ನನ್ನು ಕಟ್ಟಿಹಾಕಿಬಿಟ್ಟ. ಎದೆಯೆತ್ತರದ ಎರಡು ಸ್ಪೀಕರು, ಒಳಗೆ ಗಾಜಿನ ಬುರುಡೆಗಳು ಕೆಂಪಗೆ ಉರಿಯುವ ಆಂಪ್ಲಿಫೈಯರು, ಪಡವಲಕಾಯಿ ಗಾತ್ರದ ವೈರು. ವೈರು ನೆಲಕ್ಕೆ ತಾಗಿದರೆ ಸ್ವರ ಮಂಕಾಗುತ್ತದಂತೆ. ಅದಕ್ಕೆಂದೇ ಪುಟ್ಟ ಪುಟ್ಟ ಮರದ ಮಣೆಗಳನ್ನೂ ಕೊಟ್ಟ, ಬೆಲೆಗೆ ಸೇರಿಸಿಯೇ. ಆ ಬೆಲೆ ತೆರಬೇಕಾದರೆ ಅಂಗಡಿಯ ಹಿಂದಿನ ನನ್ನ ಗೋದಾಮು ಮಾರಬೇಕಿತ್ತು.

"ಈಗಲೇ ಏನೂ ಕೊಡ್ಬೇಡಿ. ಅರವತ್ತರ ಊಟದವರೆಗೆ ಮನೇಲಿಟ್ಕೊಂಡು ಕೇಳಿ. ನೀವು ಏಳ್ಲಿಲ್ಲ ಅಂದ್ರೆ ನಾನೇ ಬಂದು ಹೊತ್ಕೊಂಡು ಹೋಗ್ತೀನಿ," ಎಂದ.

ನಾಲ್ಕು ಜನ ಹಮಾಲರು ಒಂದೊಂದೇ ಸ್ಪೀಕರನ್ನು ಏದುಸಿರು ಬಿಡುತ್ತಾ ಹೊತ್ತು ತಂದು ನಡುಮನೆಯಲ್ಲಿ ಇಳಿಸಿದರು. ನನ್ನ ಹೆಂಡತಿ ಸರ್ವಮಂಗಳ ಸೊಂಟದ ಮೇಲೆ ಕೈಯಿಟ್ಟುಕೊಂಡು ನೋಡಿದಳು.

"ಇದೇನ್ರೀ, ಎರಡು ಎಮ್ಮೆ ತಂದು ಕಟ್ಟಿದೀರಲ್ಲ. ಹಾಲು ಕೊಡ್ತಾವಾ?"

"ಸುಮ್ನಿರು. ಇದು ಕಾಳು. ನಾವು ಕೇಳಿರೋದೆಲ್ಲ ಹೊಟ್ಟು," ಎಂದೆ.

ಅಂದಿನಿಂದ ದಿನವೂ ಅಂಗಡಿ ಮುಚ್ಚಿ ಬಂದವನೇ ತಲೆಗೆ ಎಣ್ಣೆ, ಕಾಡಿಗೆ ಬಳಿದುಕೊಂಡು ಸ್ಪೀಕರುಗಳ ಮುಂದೆ ಕುಳಿತೆ. ಎಡಗಡೆಯ ಸ್ಪೀಕರು ಬಲಗಡೆಯದಕ್ಕಿಂತ ಒಂದು ಗುಲಗಂಜಿಯಷ್ಟು ಮಂದ ಅನ್ನಿಸಿತು, ಎದ್ದು ಸರಿಸಿದೆ. ತಬಲಾದ ಹಿಂದೆ ಏನೋ ಗುಂಯ್‌ಗುಡುತ್ತಿದೆ ಅನ್ನಿಸಿತು. ಎದ್ದು ವೈರಿನ ಕೆಳಗೆ ಇನ್ನೊಂದು ಮಣೆ ಇಟ್ಟೆ. ಹಾಡುವವಳು ಉಸಿರೆಳೆದುಕೊಂಡದ್ದೂ ಕೇಳಿಸುತ್ತಿತ್ತು, ಅವಳ ಬಳೆ ಮೇಜಿಗೆ ತಾಗಿದ್ದೂ ಕೇಳಿಸುತ್ತಿತ್ತು. ಆದರೆ ನಾನು ಕುಳಿತ ಚಾಪೆಯಿಂದ ಒಂದು ಎಳೆಯೂ ಮೇಲೇಳಲಿಲ್ಲ. ಸರ್ವಮಂಗಳ ಪಕ್ಕದಲ್ಲಿ ಕುಳಿತು ಬತ್ತಿ ಹೊಸೆಯುತ್ತಿದ್ದಳು. ಅವಳೂ ಏಳುತ್ತಿರಲಿಲ್ಲ. ಅವಳು ಎಂದೂ ಚಾವಣಿಯವರೆಗೆ ಎದ್ದವಳಲ್ಲ. ಹಾಡು ಬಹಳ ಚೆನ್ನಾಗಿದ್ದರೆ ನಾಲ್ಕು ಬೆರಳು ಎದ್ದು ಇಳಿಯುತ್ತಿದ್ದಳು. ನಮ್ಮ ಜೋಡಿಗೆ ಬೀದಿಯವರು ಇಟ್ಟ ಹೆಸರು ಒರಳು-ಒನಕೆ.

ಗುಂಯ್ ಎನ್ನುವುದು ಕರೆಂಟಿನ ದೋಷವಿರಬೇಕು, ಮೀಟರಿನಿಂದ ಬೇರೆಯೇ ಒಂದು ಲೈನು ಎಳೆಯಬೇಕು ಎಂದು ನನಗೆ ಹೊಳೆಯಿತು. ಮೀಟರು ಇರುವುದು ಅಡುಗೆಮನೆಯಲ್ಲಿ. ಸರ್ವಮಂಗಳ ತರಕಾರಿಗೆ ಹೋಗಿದ್ದಾಗ ಸ್ಟೂಲು ಹಾಕಿಕೊಂಡು ಹತ್ತಿ, ಮೊಳೆ ಹೊಡೆಯಲು ತಲೆಯೆತ್ತಿದೆ. ಗಂಡಸಾದ ನಾನು ಈ ಮನೆಯ ಅಡುಗೆಮನೆಯ ಚಾವಣಿಯನ್ನು ಅದಕ್ಕೂ ಮೊದಲು ನೋಡಿಯೇ ಇರಲಿಲ್ಲ. ಒಲೆಯ ಹೊಗೆ ಹಿಡಿದು ಅದು ಕಪ್ಪಗಾಗಿತ್ತು. ಆ ಕಪ್ಪಿನ ತುಂಬ ತಲೆಯಷ್ಟಗಲದ ಬೆಳ್ಳನೆಯ ವೃತ್ತಗಳು. ಒಲೆಯ ಮೇಲೆ, ಪಾತ್ರೆಯ ಗೂಡಿನ ಮೇಲೆ, ಕಿಟಕಿಯ ಮೇಲೆ, ಒಂದರ ಮೇಲೊಂದು. ಯಾರೋ ಬರಿತಲೆಯಿಂದ ಮಸಿ ಒರೆಸಿದ್ದರು.

ಅವಳು ಬಂದಾಗ ನಾನಿನ್ನೂ ಸ್ಟೂಲಿನ ಮೇಲೇ ಇದ್ದೆ.

"ಮಂಗಳಾ, ಇದೇನೇ?"

"ಯಾವುದು? ಅದಾ... ಇಲಿ ಇರ್ಬೇಕು ರೀ."

"ಇಲಿ ತಲೆ ಇಷ್ಟಗಲ ಇರತ್ತಾ?"

ಅವಳು ಚೀಲ ಕೆಳಗಿಟ್ಟಳು. ಸ್ವಲ್ಪ ಹೊತ್ತು ಸೊಪ್ಪಿನ ಕಟ್ಟು ಬಿಚ್ಚಿದಳು, ಮತ್ತೆ ಕಟ್ಟಿದಳು. ಆಮೇಲೆ ಸೀರೆಯ ಮಡಿಕೆಯೊಳಗೆ ಕೈ ಹಾಕಿ, ಲಂಗಕ್ಕೆ ಹೊಲಿದುಕೊಂಡಿದ್ದ ಚೀಲದಿಂದ ಒಂದು ಕಬ್ಬಿಣದ ತೂಕದ ಕಲ್ಲು ತೆಗೆದು ಕಟ್ಟೆಯ ಮೇಲಿಟ್ಟಳು. ಇನ್ನೊಂದು ತೆಗೆದಳು. ಮತ್ತೊಂದು. ಎಲ್ಲವೂ ನನ್ನ ಅಂಗಡಿಯವು. ಅವು ಕಾಣೆಯಾದಾಗಲೆಲ್ಲ ಪಕ್ಕದಂಗಡಿಯವನ ಮೇಲೆ ಅನುಮಾನಪಟ್ಟು, ಅವನ ಮನೆಯ ಮದುವೆಗೂ ನಾನು ಹೋಗಿರಲಿಲ್ಲ.

"ಮದುವೆಯಾದ ವಾರ ಮಾವನೋರು ಹಾಡಿನ ಪ್ಲೇಟು ಹಾಕಿದ್ರಲ್ಲ, ನೆನಪಿದೆಯಾ?" ಎಂದಳು. "ನಾನು ಎದ್ದೆ. ಅರ್ಧ ಹೋಗಿ ಕೆಳಗೆ ನೋಡ್ದೆ. ನೀವು ಒಬ್ರೇ ಚಾಪೆ ಮೇಲೆ ಕೂತು ಮೇಲೆ ನೋಡ್ತಿದ್ರಿ. ಆ ಮುಖ ನೋಡಿ ನಂಗೆ ಎಲ್ಲಾ ಸಾಕಾಯ್ತು. ಮಾರನೇ ದಿನವೇ ಕಲ್ಲು ಕಟ್ಕೊಂಡೆ. ನೀವು ಅಂಗಡಿಗೆ ಹೋದ್ಮೇಲೆ ಬಿಚ್ಚಿಡ್ತೀನಿ. ಸಾರು ಕುದಿಯೋವಷ್ಟು ಹೊತ್ತು ಒಂದು ಹಾಡು ಕೇಳಿ ಇಳೀತೀನಿ, ಅಷ್ಟೇ."

ನನಗೆ ಅಳು ಬಂತು. ಸಿಟ್ಟೂ ಬಂತು. ಎರಡೂ ಒಟ್ಟಿಗೆ ಬಂದದ್ದರಿಂದ ಸ್ಟೂಲಿನ ಮೇಲಿಂದ ಬೀಳುವುದೊಂದು ಬಾಕಿ. ಇಷ್ಟು ವರ್ಷ ಈ ಹೆಂಗಸು ನನ್ನ ಮುಖ ಸಪ್ಪಗಾಗದಿರಲಿ ಎಂದು ಕಬ್ಬಿಣ ಹೊತ್ತು ಓಡಾಡಿದ್ದಳು, ಮಂಡಿನೋವು ಎಂದಾಗ ನಾನು ಎಣ್ಣೆ ತಂದುಕೊಟ್ಟು ಸುಮ್ಮನಾಗಿದ್ದೆ. ಕೊನೆಗೆ ಬಾಯಿಂದ ಬಂದದ್ದು ಮಾತ್ರ ವ್ಯಾಪಾರಿಯ ಮಾತು.

"ಹಾಗಾದ್ರೆ ನಿನ್ನನ್ನ ಇಟ್ಕೊಂಡು ಆ ಸೆಟ್ಟನ್ನ ತೂಗ್ಬಹುದಲ್ಲ!"

ಅವಳು ನಕ್ಕುಬಿಟ್ಟಳು. ಇಬ್ಬರೂ ನಡುಮನೆಗೆ ಓಡಿದೆವು. ಮೊದಲು ಅಪ್ಪನ ಕಾಲದ ಹಳೆಯ ಗ್ರಾಮಫೋನು ಡಬ್ಬದ ಮೇಲೆ ಅವಳಿಗಿಷ್ಟದ ಪ್ಲೇಟು ಹಾಕಿದೆ. ಕಲ್ಲುಗಳಿಲ್ಲದ ಸರ್ವಮಂಗಳ ಸರ್ರನೆ ಹೋಗಿ ಚಾವಣಿಗೆ ಟಕ್ಕೆಂದು ತಾಗಿದಳು. ಅದೇ ಪ್ಲೇಟನ್ನು ಹೊಸ ಸೆಟ್ಟಿಗೆ ಹಾಕಿದೆ. ಮತ್ತೆ ಟಕ್ಕೆಂದು ತಾಗಿದಳು.

"ಏನಾದ್ರೂ ವ್ಯತ್ಯಾಸ?" ಎಂದು ಕೆಳಗಿನಿಂದ ಕೇಳಿದೆ.

"ಹೆಂಗೆ ಹೇಳ್ಲಿ? ಎರಡಕ್ಕೂ ಚಾವಣಿ ಅಡ್ಡ ಬರತ್ತೆ."

ನಾನು ದಂಗಾದೆ. ಊರಿಗೆ ಊರೇ ಇಷ್ಟು ಕಾಲದಿಂದ ಈ ಸೆಟ್ಟು ಮೇಲು, ಆ ಸೆಟ್ಟು ಮೇಲು ಎಂದು ಜಗಳಾಡುತ್ತಾ ಮನೆಮಠ ಮಾರಿಕೊಂಡಿತ್ತು. ಒಬ್ಬನಾದರೂ ಚಾವಣಿ ತೆಗೆದು ನೋಡಿದ್ದನೇ? ತೂಗದೆ ಒಂದು ಸೇರು ಕಡಲೆಯನ್ನೂ ಕೊಂಡವನಲ್ಲ ನಾನು. ಗೋದಾಮು ಮಾರುವಾಗ ಬಿಡುತ್ತೇನೆಯೇ?

"ಹಿತ್ತಲಿಗೆ ನಡಿ," ಎಂದೆ.

"ಬಯಲಲ್ಲಾ?" ಅವಳ ಕಣ್ಣು ಅರಳಿತು. ಬೇಡವೆನ್ನುತ್ತಾಳೆ ಅಂದುಕೊಂಡಿದ್ದೆ. "ಹಗ್ಗ ಯಾರು ಹಿಡೀತಾರೆ? ಹಿಡಿದೋರೂ ಏಳ್ತಾರಲ್ಲ?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಏಳದವನೊಬ್ಬ ಆ ಊರಿನಲ್ಲಿ ಇದ್ದನಲ್ಲ! ಜೀವನದಲ್ಲಿ ಮೊದಲ ಸಲ ನನ್ನ ಭಾರಕ್ಕೆ ನಾನೇ ಹೆಮ್ಮೆಪಟ್ಟೆ.

ಭಾನುವಾರ ಮಧ್ಯಾಹ್ನ, ಬೀದಿಯವರೆಲ್ಲ ಉಂಡು ಮಲಗಿದ್ದರು. ಸ್ಪೀಕರುಗಳ ಕೆಳಗೆ ಗೋಣಿಚೀಲ ಸೇರಿಸಿ, ನೆಲದ ಮೇಲೆ ಎಳೆದುಕೊಂಡು ಹಿತ್ತಲ ಜಗಲಿಗೆ ತಂದು ನಿಲ್ಲಿಸುವಷ್ಟರಲ್ಲಿ ನನ್ನ ಬೆನ್ನು ಹಿಡಿದುಕೊಂಡಿತು. ಬಾವಿಯ ಹಗ್ಗದ ಒಂದು ತುದಿಯನ್ನು ಸರ್ವಮಂಗಳ ಸೀರೆಯ ಕಚ್ಚೆ ಬಿಗಿದು ಸೊಂಟಕ್ಕೆ ಕಟ್ಟಿಕೊಂಡಳು.

"ಈ ಕಡೆ ತುದೀನ ಕಂಬಕ್ಕೆ ಕಟ್ಟಿಬಿಡೋಣ್ವಾ?" ಎಂದಳು.

"ಕಂಬಕ್ಕಿಂತ ನಾನೇನು ಕಮ್ಮಿ?" ಎಂದು ಅದನ್ನು ನನ್ನ ಸೊಂಟಕ್ಕೇ ಗಂಟು ಹಾಕಿಕೊಂಡೆ.

ಮೊದಲು ಹಳೆಯ ಡಬ್ಬ. ಅವಳು ಮಾಡಿನ ಹಂಚು ದಾಟಿ, ತೆಂಗಿನ ಗರಿಗಳ ಸಮಕ್ಕೆ ಹೋಗಿ ನಿಂತಳು. ಹಗ್ಗದ ಮೇಲೆ ಸುಣ್ಣದ ಬೊಟ್ಟಿಟ್ಟು ಗುರುತು ಮಾಡಿಕೊಂಡೆ. ಎಳೆದು ಇಳಿಸಿದೆ. ಕೂದಲೆಲ್ಲ ಕೆದರಿ, ಕೆನ್ನೆ ಕೆಂಪಾಗಿ, "ಇನ್ನೊಂದು ಸಲ, ಇನ್ನೊಂದು ಸಲ" ಎನ್ನುತ್ತಿದ್ದಳು. ಆಮೇಲೆ ಹೊಸ ಸೆಟ್ಟು. ಗಾಜಿನ ಬುರುಡೆಗಳು ಕೆಂಪಾದವು, ಹಾಡು ಶುರುವಾಯಿತು, ಹಗ್ಗ ನನ್ನ ಅಂಗೈಯಲ್ಲಿ ಸರಸರ ಜಾರಿತು. ಸುಣ್ಣದ ಬೊಟ್ಟು ಬಂತು, ದಾಟಿತು, ನಿಂತಿತು. ಅಳೆದು ನೋಡಿದೆ. ಒಂದು ಮೊಳ.

"ಒಂದು ಮೊಳ ಕಣೇ!" ಎಂದು ಕೂಗಿದೆ. "ಗೋದಾಮು ಮಾರಿದ್ರೆ ಒಂದೇ ಒಂದು ಮೊಳ! ಇಳಿ, ಇಳಿ, ನಾಳೆನೇ ವಾಪಸ್ಸು!"

ಮೇಲಿನಿಂದ ಕಿಸಕ್ಕೆಂಬ ಸದ್ದು. ಆಮೇಲೆ ನಗು, ತಡೆಯಲಾರದ ನಗು, ಹಗ್ಗವೇ ಕುಲುಕಾಡುವಷ್ಟು.

"ರೀ, ಇಲ್ಲಿಂದ ರೈಸ್ ಮಿಲ್ಲಿನ ಗೋಡೆ ಆಚೆ ಕಾಣತ್ತೆ! ಆಗ ಕಾಣ್ತಿರ್ಲಿಲ್ಲ!"

"ಏನಿದೆ ಅಲ್ಲಿ?"

"ಧರಣೇಂದ್ರನೋರ ಹಿತ್ತಲು! ಅವರೂ ಬಯಲಲ್ಲಿ ಎದ್ದಿದಾರೆ ರೀ! ಬನೀನು, ಪಟಾಪಟಿ ಚಡ್ಡಿ! ಸೀಬೆಮರದ ಕೊಂಬೆಗೆ ಕಾಲು ಸಿಗಿಸ್ಕೊಂಡು, ಕಣ್ಣು ಮುಚ್ಕೊಂಡು ತೇಲ್ತಿದಾರೆ!"

"ಯಾವ ಸೆಟ್ಟು ಹಾಕಿದಾನೆ? ನಮ್ಮದಕ್ಕಿಂತ ದೊಡ್ಡದಾ?"

"ಸೆಟ್ಟೆಲ್ಲಿ ಬಂತು! ಎದೆ ಮೇಲೆ ಅಂಗೈಯಷ್ಟು ರೇಡಿಯೋ! ಸೆಲ್ಲು ಬೀಳ್ದೇ ಇರ್ಲಿ ಅಂತ ರಬ್ಬರ್ ಬ್ಯಾಂಡ್ ಹಾಕಿದಾರೆ!"

ನಾನು ನಕ್ಕೆ. ಹೊಟ್ಟೆ ಹಿಡಿದುಕೊಂಡು ನಕ್ಕೆ, ಕಣ್ಣಲ್ಲಿ ನೀರು ಬರುವಂತೆ ನಕ್ಕೆ. ಊರಿಗೆಲ್ಲ ಎಮ್ಮೆ ಮಾರುವವನು ಮನೆಯಲ್ಲಿ ಕುರಿಮರಿ ಸಾಕಿಕೊಂಡಿದ್ದ. ಆ ನಗುವಿನಲ್ಲಿ ನಾನು ವೈರನ್ನು ಮರೆತೆ, ಎಡ ಸ್ಪೀಕರಿನ ಮಂದವನ್ನು ಮರೆತೆ, ಗುಂಯ್ ಎನ್ನುವುದನ್ನು ಮರೆತೆ. ಕೈಯಲ್ಲಿ ಹಗ್ಗ, ಮೇಲೆ ಹೆಂಡತಿ, ಅಷ್ಟೇ ತಲೆಯಲ್ಲಿದ್ದದ್ದು. ನಾನು ಕಾವಲು ಬಿಟ್ಟ ಆ ಹೊತ್ತಿನಲ್ಲಿ ಹಾಡು ಸುಮ್ಮನೆ ಒಳಗೆ ಬಂತು. ಅದನ್ನು ನಾನು ನೂರು ಸಲ ಕೇಳಿದ್ದೆ. ಅದು ಒಬ್ಬಳು ಯಾರನ್ನೋ ಕಾಯುತ್ತಿರುವ ಹಾಡು ಎಂಬುದು ಮಾತ್ರ ನನಗೆ ಅಂದೇ ತಿಳಿದದ್ದು.

ಎರಡೂ ಕಾಲಿನ ಚಪ್ಪಲಿ ಕಳಚಿ ಬಿತ್ತು. ಯಾಕೆ ಬಿತ್ತು ಎಂದು ಬಗ್ಗಿ ನೋಡಿದರೆ ಅದು ನನ್ನಿಂದ ಆಳುದ್ದ ಕೆಳಗಿತ್ತು.

ಎಂಥ ಸುಖ! ಅದನ್ನು ಹೇಗೆ ಹೇಳಲಿ? ಮೈಯಲ್ಲಿದ್ದ ಮೂಳೆಗಳೆಲ್ಲ ರಜೆಯ ಮೇಲೆ ಹೋದ ಹಾಗಿತ್ತು. ಅರವತ್ತು ವರ್ಷ ಕಾದದ್ದು ಬಂದೇ ಬಂತು ಎಂದು ಕೇಕೆ ಹಾಕಿದೆ. ಕೇಕೆ ಮುಗಿಯುವ ಮೊದಲೇ ನನ್ನ ಸೊಂಟದ ಗಂಟು ನೆನಪಾಯಿತು. ನಮ್ಮಿಬ್ಬರನ್ನೂ ನೆಲಕ್ಕೆ ಹಿಡಿದಿರುವವರು ಈಗ ಯಾರೂ ಇಲ್ಲ. ಹೆದರಿಕೊಂಡರೆ ಇಳಿಯಬಹುದು ಅಂದುಕೊಂಡೆ. ಹೆದರಿಕೆ ಚೆನ್ನಾಗಿಯೇ ಆಯಿತು, ಇಳಿಯಲು ಮಾತ್ರ ಆಗಲಿಲ್ಲ. ಹಾಡು ಅಷ್ಟು ಚೆನ್ನಾಗಿತ್ತು.

"ಮಂಗಳಾ, ನಾನು ಎದ್ದುಬಿಟ್ಟೆ ಕಣೇ!"

"ಅಯ್ಯೋ, ಸಂತೋಷ ರೀ!" ಎಂದಳು. ಆಮೇಲೆ, "ಅಯ್ಯಯ್ಯೋ! ಏನಾದ್ರೂ ಹಿಡ್ಕೊಳ್ಳಿ!"

ಗಾಳಿಯಲ್ಲಿ ಈಜು ಹೊಡೆದೆ. ಸೂರಿನ ಅಂಚು ಕೈಗೆ ಸಿಕ್ಕಿತು. ಅದನ್ನು ಹಿಡಿದು ಜಗಲಿಯ ಒಳಕ್ಕೆ ಜಗ್ಗಿಕೊಂಡು, ಕೈಗೆ ಸಿಕ್ಕಿದ ಮೊದಲ ವಸ್ತುವನ್ನು ಎರಡೂ ತೋಳಿನಿಂದ ತಬ್ಬಿಕೊಂಡೆ. ಅದು ಎಡಗಡೆಯ ಸ್ಪೀಕರು. ತಲೆ ಕೆಳಗೆ, ಕಾಲು ಮೇಲೆ. ಗಿಡಗಳಿಗೆ ನೀರು ಬಿಟ್ಟಿದ್ದ ಹಿತ್ತಲ ಕೆಸರು ಚಪ್ಪಲಿಯೊಳಗೂ ನುಗ್ಗಿ ಮೆತ್ತಿಕೊಂಡಿದ್ದ ನನ್ನ ಪಾದಗಳು ಜಗಲಿಯ ಸುಣ್ಣದ ಚಾವಣಿಗೆ ಪಚಕ್ಕೆಂದು ಅಂಟಿಕೊಂಡವು. ಹಳೆಯ ಡಬ್ಬವನ್ನು ತಬ್ಬಿಕೊಂಡಿದ್ದರೆ ಅದೂ ನಮ್ಮ ಜೊತೆಗೇ ಬಂದುಬಿಡುತ್ತಿತ್ತು. ಧರಣೇಂದ್ರನ ಸ್ಪೀಕರು ಮಾತ್ರ ಮಿಸುಕಲಿಲ್ಲ. ಕಿವಿಗೇ ಹಾಡುತ್ತಾ ನಮ್ಮಿಬ್ಬರನ್ನೂ ಹಿಡಿದು ನಿಂತಿತ್ತು. ಪ್ಲೇಟು ಮುಗಿಯುವವರೆಗೆ ನಾನು ತಲೆಕೆಳಗಾಗಿ, ಅವಳು ಮೋಡದ ಕಡೆಗೆ, ನಡುವೆ ಬಾವಿಯ ಹಗ್ಗ, ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದೆವು.

ಅರವತ್ತರ ಊಟದ ದಿನ ಹಾಲಮ್ಮತ್ತೆ ಗುಂಡುಕಲ್ಲನ್ನು ಕೆಂಪು ಬಟ್ಟೆಯಲ್ಲಿ ಸುತ್ತಿಕೊಂಡು ಬಂದರು. ನಡುಮನೆಯ ಚಾವಣಿ ನೋಡಿದರು. ಅಪ್ಪನ ಗುರುತಿನ ಪಕ್ಕ ಖಾಲಿ. ನಾನು ಅವರ ಕೈ ಹಿಡಿದು ಹಿತ್ತಲ ಜಗಲಿಗೆ ಕರೆದುಕೊಂಡು ಹೋಗಿ ಮೇಲೆ ತೋರಿಸಿದೆ. ನೆಂಟರೆಲ್ಲ ಬಂದು ಕತ್ತು ಎತ್ತಿದರು. ಎರಡು ಪಾದ, ಹತ್ತೂ ಬೆರಳು, ಒಂದು ಹಿಮ್ಮಡಿಯ ಬಿರುಕು ಸಮೇತ. ಕಾಲು ಲೆಕ್ಕಕ್ಕಿಲ್ಲ ಎಂದು ಕೆಲವರು, ಏಕಿಲ್ಲ ಎಂದು ಕೆಲವರು. ಅನ್ನ ಆರುವಷ್ಟು ಹೊತ್ತು ಗಲಾಟೆ ನಡೆಯಿತು.

"ಸುಮ್ನಿರ್ರೋ," ಎಂದರು ಹಾಲಮ್ಮತ್ತೆ. "ನಮ್ಮಣ್ಣ ತಲೆ ಒತ್ತಿದ, ಅವನ ಮಗ ಕಾಲು ಒತ್ತಿದಾನೆ. ಎದ್ದಿದಾನೋ ಇಲ್ವೋ? ಎದ್ದಿದಾನೆ. ಮಂಗಳಾ, ಇನ್ಮೇಲೆ ಜಗಲಿ ಗುಡಿಸೋವಾಗ ಮೇಲೂ ಒಂದ್ಸಲ ಗುಡಿಸು." ಕಲ್ಲನ್ನು ತೆಗೆದುಕೊಂಡು ಹೋಗಿ ಬಾಗಿಲ ಮೂಲೆಯಲ್ಲಿಟ್ಟರು.

ಧರಣೇಂದ್ರನೂ ಬಂದಿದ್ದ, ಹಮಾಲರನ್ನು ಬೀದಿಯಲ್ಲಿ ನಿಲ್ಲಿಸಿ. "ಸೆಟ್ಟು ಬಿಟ್ಟು ಹೋಗ್ಲೋ, ಹೊತ್ಕೊಂಡು ಹೋಗ್ಲೋ?" ಎಂದು ಮೆಲ್ಲಗೆ ಕೇಳಿದ.

"ನಿಮ್ಮ ಸೀಬೆಮರದಲ್ಲಿ ಈ ಸಲ ಕಾಯಿ ಚೆನ್ನಾಗಿ ಬಿಟ್ಟಿದೆಯಂತೆ?" ಎಂದೆ.

ಅವನ ಮುಖ ಕೆಂಪಾಯಿತು. ಸರ್ವಮಂಗಳಳ ಕಡೆ ನೋಡಿದ, ರೈಸ್ ಮಿಲ್ಲಿನ ಕಡೆ ನೋಡಿದ. "ಅಲ್ಲಿಗೆ... ಕಾಣತ್ತಾ?"

"ನಿಮ್ಮ ಸೆಟ್ಟಿಂದ ಕಾಣತ್ತೆ. ನಮ್ಮ ಹಳೇ ಡಬ್ಬದಿಂದ ಕಾಣಲ್ಲ. ಒಂದು ಮೊಳ ಕಡಿಮೆ ಬೀಳತ್ತೆ."

ಒಂದು ಗಳಿಗೆ ತಲೆ ತಗ್ಗಿಸಿ ನಿಂತಿದ್ದವನು ಥಟ್ಟನೆ ಮುಖವೆತ್ತಿದ. "ಹಾಗಾದ್ರೆ ಸೆಟ್ಟು ಒಳ್ಳೇದೇ ಅಂದಹಾಗಾಯ್ತಲ್ಲ!"

ಅಂಥವನ ಜೊತೆ ಏನು ಮಾತಾಡುವುದು? ಗೋದಾಮು ಮಾರಲಿಲ್ಲ. ಎಡಗಡೆಯ ಸ್ಪೀಕರೊಂದನ್ನು ಮಾತ್ರ ಚೌಕಾಸಿ ಮಾಡಿ ಉಳಿಸಿಕೊಂಡೆ. ಒಂದೇ ಸ್ಪೀಕರಿನಲ್ಲಿ ಏನು ಕೇಳ್ತೀರಿ ಎಂದು ಅವನಿಗೆ ಆಶ್ಚರ್ಯ. ಕೇಳುವುದಕ್ಕಲ್ಲ, ಹಗ್ಗ ಕಟ್ಟುವುದಕ್ಕೆ ಎಂದೆ. ಅದರ ಬೆಲೆ ದುಬಾರಿಯೇ, ಆದರೆ ಒಂದು ಪೈಸೆಯೂ ವ್ಯರ್ಥವಲ್ಲ ಎಂದು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಪಂಕ್ತಿ ಕೂತಿತು. ಮೊದಲ ಎಲೆ ನನ್ನದು, ಮಡಿಲು ಖಾಲಿ. ಪಲ್ಯ ಬಂತು, ಕೋಸಂಬರಿ ಬಂತು, ದೊನ್ನೆಯಲ್ಲಿ ಶಾವಿಗೆ ಪಾಯಸ ಬಂತು. ಅಷ್ಟರಲ್ಲಿ ಯಾರೋ ಒಂದು ಪ್ಲೇಟು ಹಾಕಿದರು. ಯಾವ ಸೆಟ್ಟಿನ ಮೇಲೆ ಹಾಕಿದರು ಎಂದು ನಾನು ತಿರುಗಿ ನೋಡಲಿಲ್ಲ. ಪಕ್ಕದಲ್ಲಿ ಬಡಿಸುತ್ತಿದ್ದ ಸರ್ವಮಂಗಳ ಸೌಟು ಕೆಳಗಿಟ್ಟು, ಸೆರಗು ಸಿಕ್ಕಿಸಿಕೊಂಡು, ಎಲ್ಲರೂ ನೋಡುತ್ತಿದ್ದ ಹಾಗೆಯೇ ಚಾವಣಿಗೆ ಹೋದಳು. ನನ್ನ ಎಲೆ ನನ್ನಿಂದ ಒಂದು ಗೇಣು ದೂರವಾಯಿತು. ಆಮೇಲೆ ಎರಡು ಗೇಣು. ಪಾಯಸದ ದೊನ್ನೆಗೆ ಕೈ ಚಾಚಿದೆ, ಎಟಕಲಿಲ್ಲ.

"ಅತ್ತೇ," ಎಂದು ಕೂಗಿದೆ, "ಆ ಕಲ್ಲು ಕೊಡಿ!"

ಮೇಲಿನಿಂದ ಸರ್ವಮಂಗಳ ಬಗ್ಗಿ ನೋಡಿದಳು.

"ನಿಧಾನವಾಗಿ ಊಟ ಮುಗಿಸಿ ಬನ್ನಿ," ಎಂದಳು. "ಇಷ್ಟು ವರ್ಷ ಕಾದಿಲ್ವಾ, ಇಲ್ಲೇ ಇರ್ತೀನಿ."